ಮಂಜಿನ ಮುಂಜಾವು, ಬಿಸಿಲಿನ ಹಗಲು

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ವ್ಯಾಪಾರಸ್ಥರಾದ ನಮಗೆ ಒಂದೇ ದಿನದಲ್ಲಿ ಎರಡು ಋತುಗಳು ಎದುರಾಗುತ್ತವೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಎದುರಿನ ತೆಂಗಿನ ತೋಟ ಕಾಣದಷ್ಟು ಮಂಜು. ಹನ್ನೊಂದು ಗಂಟೆಗೆ ಅಂಗಳದಲ್ಲಿ ಬರಿಗಾಲಿಡಲಾಗದಷ್ಟು ಬಿಸಿಲು. ತುಳುವಿನಲ್ಲಿ ಮಾಯಿ ತಿಂಗಳು ಎಂದು ಕರೆಯುವ ಈ ದಿನಗಳು ಕವಿಗಳಿಗೆ ವಸಂತದ ಹೆಬ್ಬಾಗಿಲಾದರೆ ನಮಗೆ ಅಡಿಕೆ, ಕಾಳುಮೆಣಸು ಒಣಗುವ ಕಾಲ.

ಈ ಮಂಜಿನ ಕಾರಣ ಸರಳ. ಮಧ್ಯಾಹ್ನದ ಕಡಲ ಗಾಳಿ ತೇವವನ್ನು ಒಳನಾಡಿನವರೆಗೆ ಹೊತ್ತು ತಂದಿರುತ್ತದೆ. ರಾತ್ರಿ ಮೋಡವಿಲ್ಲದ ಆಕಾಶದ ಕೆಳಗೆ ನೆಲ ಬೇಗನೆ ತಣ್ಣಗಾಗುತ್ತದೆ. ಹೊಳೆಯ ತಗ್ಗುಗಳಲ್ಲಿ, ಅಡಿಕೆ ತೋಟಗಳ ನಡುವೆ ಆ ತೇವ ಹನಿಗಟ್ಟಿ ತೇಲುತ್ತದೆ. ಒಂದು ಕಿಲೋಮೀಟರಿನಾಚೆ ಕಾಣದಿದ್ದರೆ ಅದನ್ನು ಮಂಜು ಎಂದೇ ಹವಾಮಾನದವರು ಬರೆದುಕೊಳ್ಳುತ್ತಾರೆ. ಸೂರ್ಯ ಮೇಲೇರಿ ನೆಲ ಕಾದೊಡನೆ ಅದು ಕರಗುತ್ತದೆ. ಆಮೇಲೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಡಲ ಗಾಳಿ ಏಳುವುದು ತಡವಾದ ದಿನ ಸೆಕೆ ಹೇಳತೀರದು. ಬದಿಯಡ್ಕ, ಸುಳ್ಯದ ಕಡೆಗೆ ಆ ಗಾಳಿ ತಲುಪುವಾಗ ಬಲ ಕಳೆದುಕೊಂಡಿರುತ್ತದೆ. ಆದ್ದರಿಂದಲೇ ಒಳನಾಡಿನ ನಮ್ಮ ಬಂಧುಗಳ ಮನೆಯಲ್ಲಿ ಬಿಸಿಲು ನಮಗಿಂತ ಒಂದು ಕೈ ಮೇಲು.

ಬಿಸಿಗಾಳಿಯನ್ನು ಘೋಷಿಸಲು ಹವಾಮಾನ ಇಲಾಖೆ ಇಟ್ಟಿರುವ ಅಳತೆಯೂ ಊರಿಂದೂರಿಗೆ ಬೇರೆ. ಬಯಲಿನಲ್ಲಿ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಬೇಕು. ಜತೆಗೆ ಅದು ವಾಡಿಕೆಗಿಂತ ಸಾಕಷ್ಟು ಹೆಚ್ಚೂ ಆಗಿರಬೇಕು. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲವಾದ್ದರಿಂದ ಕರಾವಳಿಯ 37 ಡಿಗ್ರಿ ಮೈಗೆ ಹೆಚ್ಚೇ ಆಗಿ ತಾಗುತ್ತದೆ.

ಘಟ್ಟದ ಮೇಲೆ ವಯನಾಡಿನಲ್ಲಿ, ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿಯ ಆಸುಪಾಸಿನ ಕಾಫಿ ಬೆಳೆಗಾರರು ಇದೇ ದಿನಗಳಲ್ಲಿ ಆಕಾಶ ನೋಡುತ್ತಿರುತ್ತಾರೆ. ಸುಮಾರು ಒಂದು ಅಂಗುಲ ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟ ಬೆಳ್ಳಗಾಗುತ್ತದೆ. ಕೆಲವು ವಾರಗಳೊಳಗೆ ಮತ್ತೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಅದೇ ಮಳೆ ನಮ್ಮ ಅಂಗಳಕ್ಕೆ ಇಳಿದರೆ ಹರಡಿದ ಅಡಿಕೆಗೆ ಕಷ್ಟ. ಅವರು ಬೇಡುವುದನ್ನು ನಾವು ಬೇಡವೆನ್ನುತ್ತೇವೆ! ಯಾರ ಬೇಡಿಕೆಗೂ ಋತು ಕಿವಿಗೊಡದಿರುವುದೇ ಒಳ್ಳೆಯದು.

ಚಾಲಿ ಅಡಿಕೆಗೆ ಮೂವತ್ತೈದು ನಲವತ್ತು ದಿನಗಳ ಬಿಸಿಲು ಬೇಕು. ಮಂಜು ಹರಿಯುವ ಮೊದಲು ಹರಡಿದರೆ ಇಬ್ಬನಿ ಕುಡಿಯುತ್ತದೆ. ಸಂಜೆ ರಾಶಿ ಮಾಡಿ ಹೊದಿಸದಿದ್ದರೂ ಹಾಗೆಯೇ. ತೇವ ಉಳಿದರೆ ಬೂಸಲು, ಬೂಸಲಿನ ಹಿಂದೆ ಹುಳು. ಆದರೆ ಒಣಗಿದ ಮಾಲಿನ ತೂಕ ಇಳಿಯುತ್ತದೆ. ನೂರು ಕಿಲೋ ಕಾಳುಮೆಣಸಿನಲ್ಲಿ ನೂರಕ್ಕೆ 14ರಷ್ಟು ತೇವವಿದ್ದರೆ, ಅದನ್ನು 11ಕ್ಕೆ ಇಳಿಸುವಾಗ ಸುಮಾರು 3 ಕಿಲೋ 370 ಗ್ರಾಂ ಗಾಳಿಗೆ ಹೋಗುತ್ತದೆ. ಇದು ಯಾರ ನಷ್ಟ?

ನಮ್ಮ ಮನೆಯಲ್ಲಿ ಈ ಪ್ರಶ್ನೆ ಒಂದು ವರ್ಷ ದೊಡ್ಡ ಚರ್ಚೆಗೆ ಕಾರಣವಾಯಿತು. ಕೊಟ್ಟವರು ಹಸಿಯಾಗಿ ಕೊಟ್ಟರೆ ನಾವೂ ಹಸಿಯಾಗಿಯೇ ಮುಂದಕ್ಕೆ ಕಳುಹಿಸೋಣ, ಮಂಜಿಗೆ ಯಾರು ಹೊಣೆ ಎಂದು ಕಿರಿಯರು ವಾದಿಸಿದರು. ರಾತ್ರಿ ಮೂಟೆಯನ್ನು ಜಗಲಿಯಲ್ಲಿ ತೆರೆದಿಟ್ಟರೆ ತೂಕ ತಾನಾಗಿ ಕೂಡುತ್ತದೆ ಎಂದು ಸಲಹೆ ಕೊಟ್ಟ ದಲ್ಲಾಳಿಯೂ ಒಬ್ಬರಿದ್ದರು. ದೊಡ್ಡಪ್ಪ ಸಿಟ್ಟಾಗಲಿಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದಲ್ಲವೇ, ಕೊಳ್ಳುವಾಗ ಒಂದು ಅಳತೆ ಮಾರುವಾಗ ಇನ್ನೊಂದು ಅಳತೆ ಎಂದರೆ ಅದೇ ತಾನೆ ಎಂದಷ್ಟೇ ಕೇಳಿದರು. ತಕ್ಕಡಿ ಸರಿಯಿದ್ದ ಮಾತ್ರಕ್ಕೆ ತೂಕ ಸರಿಯಾಗುವುದಿಲ್ಲ ಎಂಬುದು ಅವರ ಅಭಿಪ್ರಾಯ.

ಅಂದಿನಿಂದ ತೇವ ಅಳೆಯುವ ಯಂತ್ರವನ್ನು ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲೇ, ರೈತರಿಗೆ ಕಾಣುವಂತೆ ಇಟ್ಟಿದ್ದೇವೆ. ಅದು ತೋರಿಸಿದ ಅಂಕಿ ಚೀಟಿಯಲ್ಲಿ ಬರುತ್ತದೆ. ಹೆಚ್ಚು ಕಡಿತ ಬೇಡವೆನ್ನುವವರು ನಮ್ಮ ಅಂಗಳದಲ್ಲೇ ಒಣಗಿಸಿ ಮತ್ತೆ ತೂಗಿಸಬಹುದು. ಮುಂದೆ ಕಳುಹಿಸುವ ಮಾಲಿಗೂ ಅದೇ ಯಂತ್ರ, ಅದೇ ಅಂಕಿ. ಕಡಿತವಿಲ್ಲದೆ ಕೊಳ್ಳುವವರ ಕಡೆಗೆ ಕೆಲವು ಗಿರಾಕಿಗಳು ಹೋದರು. ಮರುವರ್ಷ ಕೆಲವರು ಮರಳಿದರು, ಎಲ್ಲರೂ ಮರಳಲಿಲ್ಲ. ಆ ನಷ್ಟ ನಮ್ಮ ಲೆಕ್ಕದ ಪುಸ್ತಕದಲ್ಲಿ ಹಾಗೆಯೇ ಇದೆ. ಕಿರಿಯರು ಈಗ ಅದರ ಬಗ್ಗೆ ವಾದಿಸುವುದಿಲ್ಲ; ಯಂತ್ರ ಒರೆಸಿಡುವವರೇ ಅವರು.

ಅಂಗಡಿಯ ಧರ್ಮ ಅಡುಗೆಮನೆಗೂ ಸೇರಿದ್ದು. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮರ್ಯಾದೆ ಎಂದು ಹಿರಿಯರು ಗೊತ್ತುಮಾಡಿದ್ದಾರೆ. ತೇವ ಮತ್ತು ಸೆಕೆ ಕೂಡಿದಲ್ಲಿ ಜೀವೋತ್ಪತ್ತಿ ಬೇಗ ಎಂಬ ಅರಿವು ಅದರ ಹಿಂದೆ ಇದೆ. ಲೆಕ್ಕದ ಪ್ರಕಾರ ಫಾಲ್ಗುಣದ ಅಷ್ಟಾಹ್ನಿಕದವರೆಗೆ ಚಳಿಗಾಲವೇ. ಆದರೂ ನಮ್ಮ ಮನೆಯ ಅಮ್ಮಂದಿರು ಮಂಜು ಬಿದ್ದು ಸೆಕೆ ಹತ್ತಿದ ದಿನದಿಂದಲೇ 5 ದಿನದ ಲೆಕ್ಕ ಹಿಡಿಯುತ್ತಾರೆ. ಪಂಚಾಂಗಕ್ಕಿಂತ ಮೊದಲು ಹವೆಯನ್ನು ನೋಡುವುದು ಅಹಿಂಸೆಗೆ ಹತ್ತಿರವೇ ಹೊರತು ದೂರವಲ್ಲ.

ವಿಹಾರದಲ್ಲಿರುವ ತ್ಯಾಗಿಗಳಿಗೆ ಈ ಹವೆ ಇನ್ನೂ ಕಠಿಣ. ನಾಲ್ಕು ಮೊಳ ಮುಂದಿನ ನೆಲ ನೋಡಿ ಹೆಜ್ಜೆಯಿಡುವುದು ಈರ್ಯಾಸಮಿತಿ. ಮಂಜಿನಲ್ಲಿ ವೇಗವಾಗಿ ಬರುವ ವಾಹನದವರಿಗೆ ಅವರು ಕಾಣರು. ಮಂಜು ಕರಗಲೆಂದು ಕಾದರೆ ಡಾಂಬರು ರಸ್ತೆ ಬರಿಗಾಲನ್ನು ಸುಡುತ್ತದೆ. ಶ್ರಾವಕರಾದ ನಾವು ದಿನದ ನಡಿಗೆಯ ದೂರವನ್ನು ಕಿರಿದಾಗಿಸಿ, ಹತ್ತಿರ ಹತ್ತಿರದಲ್ಲಿ ವಸತಿಯ ಏರ್ಪಾಡು ಮಾಡಿ, ಹಿಂದೆ ಮುಂದೆ ಇಬ್ಬರು ಎದ್ದು ಕಾಣುವ ಬಣ್ಣದ ಬಟ್ಟೆ ತೊಟ್ಟು ನಡೆದರೆ ಅಷ್ಟರಮಟ್ಟಿಗೆ ಭಾರ ಇಳಿದೀತು. ಚೈತ್ರದಲ್ಲಿ ಮಹಾವೀರ ಜಯಂತಿಯ ಮೆರವಣಿಗೆಗೂ ಇದೇ ಮಾತು: ಬಿಸಿಲೇರುವ ಮೊದಲೇ ಮುಗಿಸಿ, ಮಕ್ಕಳಿಗೂ ವೃದ್ಧರಿಗೂ ನೆರಳು ಮತ್ತು ಸೋಸಿದ ನೀರು ಇರುವಂತೆ ನೋಡಿಕೊಳ್ಳೋಣ.