ನದೀಮೂಲ, ಋಷಿಮೂಲ, ಕ್ವಾರ್ಟರ್ಸ್ ಮೂಲ

ನದೀಮೂಲ, ಋಷಿಮೂಲ ಹುಡುಕಬಾರದು ಅಂತ ಹಿರಿಯರು ಹೇಳಿದ್ದಾರೆ. ಭದ್ರಾವತಿಯ ನಮ್ಮ ಕಾಗದನಗರದವರ ಮೂಲದ ವಿಷಯ ಅವರಿಗೆ ಹೊಳೆದಿರಲಿಕ್ಕಿಲ್ಲ. ನಮ್ಮ ಕಾಲೊನಿಯಲ್ಲಿ ಯಾರಾದರೂ ಹೊಸಬರು ಬಂದರೆ ಗೋತ್ರ, ಕುಲದೇವರು ಅಂತೆಲ್ಲ ಕೇಳುವ ರೂಢಿಯೇ ಇರಲಿಲ್ಲ. "ಯಾವ ಸೆಕ್ಷನ್ನು, ಯಾವ ಶಿಫ್ಟು?" ಇಷ್ಟು ತಿಳಿದರೆ ಸಂಬಂಧ ಕುದುರಿದಂತೆ. 1936ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿದ್ದು ಮಲೆನಾಡಿನ ಬಿದಿರು, ಭದ್ರೆಯ ನೀರು ನಂಬಿಕೊಂಡು. ಜನ ಮಾತ್ರ ಎಲ್ಲೆಲ್ಲಿಂದಲೋ ಬಂದರು. ಒಂದೇ ಸಾಲಿನ ಮನೆಗಳಲ್ಲಿ ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲವೂ ಒಗ್ಗರಣೆ ಹಾಕಿಕೊಳ್ಳುತ್ತಿದ್ದವು.

ನಮ್ಮದೂ ಅಂಥದ್ದೇ ಜೋಡಿ. ನನ್ನವಳ ಅಜ್ಜ ಸೇಲಂ ಕಡೆಯಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬಂದವರು. ನಮ್ಮ ಅಜ್ಜನದು ಸಾಗರ ತಾಲ್ಲೂಕಿನ ಶರಾವತಿ ಕಣಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ತೋಟ, ಮನೆ, ದೇವರ ಕಟ್ಟೆ ಎಲ್ಲ ನೀರಿನಡಿ ಹೋಯಿತು. ಶರಾವತಿಯ ಕರೆಂಟು ರಾಜ್ಯಕ್ಕೆಲ್ಲ ಬೆಳಕು ಕೊಟ್ಟಿತು; ಅಜ್ಜನಿಗೆ ಕೊಟ್ಟ ಬದಲಿ ಜಮೀನಿನ ಕಾಗದ ಮಾತ್ರ ಸರಿಯಾಗಲೇ ಇಲ್ಲ. ಕಾಗದ ಸಿಗದವನ ಮಗ ಕಾಗದ ಮಾಡುವ ಕಡೆಗೇ ಕೆಲಸಕ್ಕೆ ಸೇರಿದ. ನಾನು ಹುಟ್ಟಿದ್ದು ಕ್ವಾರ್ಟರ್ಸಿನಲ್ಲಿ.

ಮಗಳು ಫಿನ್ಲೆಂಡಿನ ಎಸ್ಪೋದಲ್ಲಿದ್ದಾಳೆ. ಬೇಸಿಗೆಗೆ ಬನ್ನಿ ಅಂತ ಕರೆಸಿಕೊಂಡಳು. ಅಲ್ಲಿಯ ಬೇಸಿಗೆ ಅಂದರೆ ನಮ್ಮ ಆಗುಂಬೆಯ ಡಿಸೆಂಬರು, ರಾತ್ರಿ ಹತ್ತಾದರೂ ಸೂರ್ಯ ಮನೆಗೆ ಹೋಗುವ ಲಕ್ಷಣವೇ ಇಲ್ಲ. ಹೆಲ್ಸಿಂಕಿಯ ಚರ್ಚು, ಬಂದರು, ಮ್ಯೂಸಿಯಂ ಎಲ್ಲ ನೋಡಿದೆವು. ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಫೋನಿನಲ್ಲಿ ಫೋಟೋಗಳಿವೆ.

ನೋಡಿದ್ದು ಅಂತ ಹೇಳಬಹುದಾದದ್ದು ವೆರ್ಲಾ. ಅಳಿಯ ಕೌವೊಲಾ ಕಡೆಗೆ ಕಾರು ಓಡಿಸುತ್ತಿದ್ದ. ಕೂಸಾನ್‌ಕೋಸ್ಕಿ ಸಮೀಪಿಸುತ್ತಿದ್ದಂತೆ ನನ್ನವಳು ಕಿಟಕಿ ಇಳಿಸಿ ಮೂಗರಳಿಸಿದಳು. "ಏನ್ರೀ, ಪಲ್ಪ್ ಬೇಯ್ತಿದೆ!" ಹೌದು, ಅದೇ ವಾಸನೆ. ಕೊಳೆತ ಕೋಸಿನ ಹಾಗೆ ಗಂಟಲಿಗಿಳಿಯುವ ಆ ಗಂಧಕದ ನಾತಕ್ಕೆ ನೆಂಟರು ಬಂದಾಗ ನಾವು ನಾಚಿಕೊಳ್ಳುತ್ತಿದ್ದೆವು. ಮಳೆಗಾಲದ ಮೋಡ ಕವಿದ ದಿನ ಒಣಹಾಕಿದ ಬಟ್ಟೆಗೂ ಹತ್ತಿಕೊಳ್ಳುತ್ತಿತ್ತು. ಕೂಸಾನ್‌ಕೋಸ್ಕಿಯಲ್ಲಿ ಇನ್ನೂ ನಡೆಯುತ್ತಿರುವ ದೊಡ್ಡ ಪಲ್ಪ್ ಕಾರ್ಖಾನೆ ಇದೆ. ಅಳಿಯ ಗಡಿಬಿಡಿಯಲ್ಲಿ ಕಿಟಕಿ ಏರಿಸಹೋದ. "ಇರಲಿ ಬಿಡಪ್ಪ," ಅಂದಳು.

ವೆರ್ಲಾದ ಕಾರ್ಖಾನೆ ಮಾತ್ರ ಈಗ ನಡೆಯುತ್ತಿಲ್ಲ. 1882ರಲ್ಲಿ ಶುರುವಾದ ಮರದ ತಿರುಳಿನ ರಟ್ಟಿನ ಕಾರ್ಖಾನೆ ಅದು. 1996ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೀರಿನ ಬಲದಲ್ಲಿ ತಿರುಗುವ ಕಲ್ಲಿಗೆ ಮರದ ತುಂಡನ್ನು ಒತ್ತಿ ತಿರುಳು ಮಾಡುವುದು, ಒದ್ದೆ ಹಾಳೆಗಳನ್ನು ಅಟ್ಟಕ್ಕೆ ಹೊತ್ತು ಒಣಗಿಸುವುದು, ಆಮೇಲೆ ತೂಗಿ ಕಟ್ಟುವುದು. ತಕ್ಕಡಿಯ ಪಕ್ಕ ಮಾರ್ಗದರ್ಶಿ ಹುಡುಗಿ ನಮ್ಮನ್ನು ನಿಲ್ಲಿಸಿ ನೆಲ ತೋರಿಸಿದಳು. ಹಲಗೆಯಲ್ಲಿ ಎರಡು ತಗ್ಗು. ದಶಕಗಟ್ಟಲೆ ಅದೇ ಜಾಗದಲ್ಲಿ ನಿಂತು ರಟ್ಟು ತೂಗಿದ ಒಬ್ಬ ಹೆಂಗಸಿನ ಪಾದಗಳು ಮರವನ್ನು ಸವೆಸಿದ್ದಂತೆ. ಗುಂಪು ಮುಂದೆ ಹೋಯಿತು. ನನ್ನವಳು ಬಗ್ಗಿ ತಗ್ಗಿನ ಅಂಚನ್ನು ಬೆರಳಿನಿಂದ ಸವರಿ, "ಎಡಗಾಲಿಂದು ಜಾಸ್ತಿ ಆಳ. ಪಾಪ, ಸೊಂಟ ನೋವಿತ್ತೋ ಏನೋ," ಅಂದಳು. ಫಿನಿಶಿಂಗ್ ಸೆಕ್ಷನ್ನಿನಲ್ಲಿ ನಿಂತೇ ಹಾಳೆ ಎಣಿಸಿದ ಅವಳ ಅತ್ತಿಗೆಗೂ ಸೊಂಟ ನೋವಿತ್ತು.

ಕೊನೆಯ ಕೆಲಸಗಾರರು ನಿವೃತ್ತರಾಗುವ ತನಕ ನಡೆಸಿ 1964ರಲ್ಲಿ ಬಾಗಿಲು ಹಾಕಿದರಂತೆ. ನಮ್ಮ ಅಜ್ಜನ ಮನೆ ಮುಳುಗಿದ ಕಾಲವೇ. ಆಗ ಅಪ್ಪನಿಗೆ ಸಿಕ್ಕಿದ ಕೆಲಸ ನಿವೃತ್ತಿಯ ತನಕ ನಡೆಯಿತು, ಅದು ಅವರ ಪುಣ್ಯ. 2015ರಲ್ಲಿ ಕಾಗದನಗರದ ಯಂತ್ರಗಳು ನಿಂತಾಗ ಎಷ್ಟೋ ಜನರ ಸರ್ವಿಸು ಇನ್ನೂ ಬಾಕಿ ಇತ್ತು. ವೆರ್ಲಾದ ಯಂತ್ರಕ್ಕೆ ಎಣ್ಣೆ ಸವರಿ ಇಟ್ಟಿದ್ದಾರಲ್ಲ, ಅದಕ್ಕೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆ ಕೊನೆಯವರನ್ನು ಕಾದರಲ್ಲ, ಅದಕ್ಕಿದೆ. ಕಾರ್ಮಿಕರ ಹಳೆಯ ಮನೆಗಳನ್ನು ಈಗ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. "ನಮ್ಮ ಕ್ವಾರ್ಟರ್ಸೂ ಕೊಡಬಹುದಿತ್ತು," ಅಂತ ನನ್ನವಳ ಲೆಕ್ಕಾಚಾರ, "ಹೆಗ್ಗಣ ಫ್ರೀ."

ಇದನ್ನೆಲ್ಲ ಕೇಳಿಸಿಕೊಂಡ ಮೊಮ್ಮಗ ಹಟ ಹಿಡಿದ. ಮುಂದಿನ ವರ್ಷ ಅವರೆಲ್ಲ ಊರಿಗೆ ಬಂದಾಗ ಅಜ್ಜನ ಮೂಲ ತೋರಿಸಬೇಕು. ಬಂದರು. ಮೊದಲು ಕಾಗದನಗರದಲ್ಲಿ ತೋರಿಸಿದೆ: ನಾನು ಹುಟ್ಟಿದ ಸಾಲು, ಗಿಡ ಬೆಳೆದ ಹಿತ್ತಿಲು, ಸದ್ದಿಲ್ಲದ ಚಿಮಣಿ. ಸೈರನ್ ಕೂಗಿದರೆ ಇಡೀ ಊರು ಗಡಿಯಾರಕ್ಕೆ ಕೀಲಿ ಕೊಡುತ್ತಿತ್ತು, ಕನ್ನಡದ ಪೇಪರುಗಳಿಗೆ ಇಲ್ಲಿಂದ ನ್ಯೂಸ್‌ಪ್ರಿಂಟ್ ಹೋಗುತ್ತಿತ್ತು, ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯೂ ಕಾಗದವಾಗುತ್ತಿತ್ತು ಅಂದೆ. ಅವನು ತಲೆಯಾಡಿಸಿದ. ನೋಡುವುದಕ್ಕೆ ಏನಾದರೂ ಬೇಕಿತ್ತು ಅವನಿಗೆ.

ಹಾಗಾಗಿ ಮೇ ಕೊನೆಯಲ್ಲಿ ಸಾಗರದ ಕಡೆ ಹೊರಟೆವು. ಲಿಂಗನಮಕ್ಕಿಯ ನೀರು ತಳ ಕಂಡ ಬೇಸಿಗೆಯಲ್ಲಿ ಮುಳುಗಿದ್ದೆಲ್ಲ ಒಂದೊಂದಾಗಿ ಎದ್ದು ಬರುತ್ತದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಹಾಗೆಯೇ; ಜೋಗದ ಮೊದಲ ವಿದ್ಯುದಾಗಾರಕ್ಕೆ ಕಟ್ಟಿದ್ದು, ಹೊಸ ಅಣೆಕಟ್ಟು ಬಂದು ಹಳೆಯದನ್ನು ನುಂಗಿತು. ಬಿರುಕುಬಿಟ್ಟ ಕೆಸರಿನ ಮೇಲೆ ನಡೆದೆವು. ಕರಿಗಟ್ಟಿದ ಮರದ ಬೊಡ್ಡೆಗಳು, ಹಳೆಯ ರಸ್ತೆಯ ತುಂಡು, ಯಾರದೋ ಮನೆಯ ಪಾಯದ ಜಂಬಿಟ್ಟಿಗೆ. ಮೊಮ್ಮಗ ಹೆಂಚಿನ ಚೂರುಗಳನ್ನು ಆರಿಸುತ್ತಿದ್ದ. ನನ್ನವಳು ಅಡಿಕೆ ತೋಟ ಎಲ್ಲಿದ್ದಿರಬಹುದು ಅಂತ ಕೇಳುತ್ತಲೇ ಇದ್ದಳು. ನನಗೆ ದಿಕ್ಕೇ ತಿಳಿಯಲಿಲ್ಲ.

ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ಬಂದು, "ಯಾರ ಮನೆಯವರಾಯ್ತು?" ಅಂತ ಕೇಳಿದರು. ಅಜ್ಜನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಕೋಲಿನಿಂದ ಇನ್ನೂ ನೀರಿದ್ದ ಕಡೆಗೆ ತೋರಿಸಿದರು. ಅಲ್ಲಿ ಬಾವಿ, ಅದರಾಚೆ ಅವರ ತೋಟ, ಎರಡರ ನಡುವೆ ಬೇಲಿ ಜಗಳ. ಆ ಜಗಳದಲ್ಲಿ ತಪ್ಪು ಯಾರದು ಅನ್ನುವುದೂ ಅವರಿಗೆ ನೆನಪಿತ್ತು, ನಮ್ಮ ಅಜ್ಜನದೇ. ಆಮೇಲೆ, ನಾವು ಈಗ ಇರುವುದು ಎಲ್ಲಿ ಅಂತ ವಿಚಾರಿಸಿದರು.

"ಭದ್ರಾವತಿ. ಕಾಗದನಗರ."

"ಹೌದನಾ? ಪೇಪರ್ ಟೌನು?" ಮುದುಕರ ಮುಖ ಸಣ್ಣದಾಯಿತು. "ಅಯ್ಯೋ ಪಾಪ. ಅಲ್ಲೀಗ ಎಂತದೂ ಇಲ್ವಂತಲ್ಲ."