ಹಿಂದಿನ ದಿನವೇ ಬನ್ನಿ

ಮದುವೆಮನೆಯ ಕೊನೆಗಳಿಗೆಯ ಗಡಿಬಿಡಿ ನೋಡಿ, ಮೊದಲೇ ಸರಿಯಾಗಿ ಯೋಚಿಸಿದ್ದರೆ ಇಷ್ಟು ಓಡಾಟ ಇರುತ್ತಿರಲಿಲ್ಲ ಎನ್ನುವವರು ಇದ್ದೇ ಇರುತ್ತಾರೆ. ಮನೆಯಂಗಳದ ಚಪ್ಪರದಲ್ಲೇ ಸಾವಿರ ಜನಕ್ಕೆ ಎಲೆ ಹಾಕುವುದನ್ನು ನೋಡುತ್ತ ಬೆಳೆದ ನಾನು ಆ ಮಾತನ್ನು ಒಪ್ಪಲಾರೆ. ಜವಳಿ, ಚಿನ್ನ, ಲಗ್ನಪತ್ರಿಕೆ, ಅಡುಗೆಯವರಿಗೆ ಮುಂಗಡ, ಇವೆಲ್ಲ ತಿಂಗಳುಗಳ ಮೊದಲೇ ಮುಗಿಯುತ್ತವೆ. ಉಳಿದ ಕೆಲಸಗಳು ಹಿಂದಿನ ದಿನಕ್ಕೇ ಮೀಸಲು. ಎಂಥ ಜಾಣನೂ ಅವನ್ನು ಮೊದಲೇ ಮಾಡಿಟ್ಟುಕೊಳ್ಳಲಾರ.

ಮೇ ತಿಂಗಳ ಸೆಕೆಯಲ್ಲಿ ರಾತ್ರಿ ತುರಿದಿಟ್ಟ ಕಾಯಿ ಬೆಳಗಾಗುವಷ್ಟರಲ್ಲಿ ಹಳಸುತ್ತದೆ. ಹಾಲಿಗೆ ಹೆಪ್ಪು ಬೇಗ ಹಾಕಿದರೆ ಮೊಸರು ಹುಳಿ, ತಡವಾದರೆ ನೀರು. ಬಾಳೆ ಎಲೆ ಎರಡು ದಿನ ಮೊದಲೇ ಕೊಯ್ದರೆ ಬಾಡಿ ಸೀಳುತ್ತದೆ. ಮಲ್ಲಿಗೆಯಂತೂ ಯಾರಿಗೂ ಕಾಯುವುದಿಲ್ಲ. ತೀರ್ಥಹಳ್ಳಿ ಕಡೆಯ ನಮಗೆ ಮದುವೆ ಹೂವೆಂದರೆ ಆಗುಂಬೆ ಘಾಟಿ ಹತ್ತಿ ಬರುವ ಉಡುಪಿ ಮಲ್ಲಿಗೆ. ಬೆಳಗ್ಗೆ ಬಿಡಿಸಿದ ಮೊಗ್ಗನ್ನು ಅರಳುವ ಮೊದಲೇ ಕಟ್ಟಿ ಮುಗಿಸಬೇಕು. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ಶಂಕರಪುರದಲ್ಲಿ ದಿನದಿನವೂ ನಿಗದಿಯಾಗುತ್ತದೆ, ಲಗ್ನದ ದಿನಗಳಲ್ಲಿ ಏರಿ ಕೂರುತ್ತದೆ. ಹೂವಿನ ಕಟ್ಟು ಬಸ್ಸಿನಿಂದ ಇಳಿಯುವ ತನಕ ಮದುವಣಗಿತ್ತಿಯ ಜಡೆಯ ವಿಷಯದಲ್ಲಿ ಯಾರಿಗೂ ನೆಮ್ಮದಿಯಿಲ್ಲ.

ಹಾಗಾಗಿ ಕೊನೆಯ ರಾತ್ರಿಯ ಗಡಿಬಿಡಿಯನ್ನು ತಪ್ಪಿಸುವುದು ಹೇಗೆಂದು ತಲೆ ಕೆಡಿಸಿಕೊಂಡು ಫಲವಿಲ್ಲ. ಅದನ್ನು ಯಾರ ಯಾರ ಕೈಗೆ ಹಂಚಬೇಕು ಎಂದು ಯೋಚಿಸಿದರೆ ಅರ್ಧ ಗೆದ್ದ ಹಾಗೆ.

ಅಣ್ಣನ ಮಗಳ ಮದುವೆಯಲ್ಲಿ ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕಪಕ್ಕದ ಮನೆಗಳ ಹೆಂಗಸರು ತಮ್ಮ ತಮ್ಮ ಮೆಟ್ಟುಗತ್ತಿ ಹಿಡಿದು ಬಂದರು. ಚಾಪೆ ಹಾಸಿ ಸಾಲಾಗಿ ಕೂತು ಬೂದುಗುಂಬಳ, ಸೌತೆ, ಬೀನ್ಸ್ ಹೆಚ್ಚತೊಡಗಿದರು. ಪಕ್ಕದ ಮನೆಯ ಅಜ್ಜಿ ಒಂದು ಹೋಳು ಕೈಗೆತ್ತಿಕೊಂಡು, "ಇದು ಹುಳಿಗಾಯ್ತು ಮಾರಾಯ್ತಿ, ಮಜ್ಜಿಗೆಹುಳಿಗೆ ಇನ್ನೂ ದಪ್ಪ ಇರ್ಬೇಕು" ಎಂದರು. ಆಮೇಲೆ ಅಷ್ಟೂ ಕುಂಬಳದ ಹೋಳುಗಳು ಒಂದೇ ಅಳತೆಗೆ ಬಂದವು. ಆಚೆ ಹುಡುಗರು ಎಲೆ ಒರೆಸಿ, ಕುಡಿ ಎಲೆಗಳನ್ನು ಬೇರೆ ಮಾಡಿ, ನೂರು ನೂರರ ಕಟ್ಟು ಕಟ್ಟುತ್ತಿದ್ದರು. ಗುಡುಗಿನ ಸದ್ದು ಕೇಳಿದ್ದೇ ತಡ, ಅವರಲ್ಲಿ ನಾಲ್ವರು ಯಾರಿಂದಲೂ ಹೇಳಿಸಿಕೊಳ್ಳದೆ ಚಪ್ಪರ ಹತ್ತಿ ಅಡಿಕೆ ಸೋಗೆಯ ಮೇಲೆ ತಾಡಪಾಲು ಎಳೆದರು.

ಉಗ್ರಾಣದ ಬೀಗದ ಕೈ ಸೋದರಮಾವನ ಸೊಂಟದಲ್ಲಿತ್ತು. ಅಡುಗೆ ಭಟ್ಟರು ಬೆಳಗಿನ ಜಾವ ಬಂದು, "ಮಾವಯ್ಯ, ಬೆಲ್ಲ ಇನ್ನೂ ಐದು ಕೆಜಿ ಬೇಕಲ್ಲ" ಎಂದಾಗ ಮಾವ ತೂಗಿ ಕೊಟ್ಟರು, ಪುಸ್ತಕದಲ್ಲಿ ಬರೆದುಕೊಂಡರು. ಆ ಪ್ರಶ್ನೆ ಅಣ್ಣನವರೆಗೆ ಹೋಗಲಿಲ್ಲ. ಹೋಗಲಿಲ್ಲವಾದ್ದರಿಂದಲೇ ಅಣ್ಣನಿಗೆ ಒಂದಿಷ್ಟು ನಿದ್ದೆಯಾಯಿತು. ಮರುದಿನ ಮಗಳನ್ನು ಧಾರೆ ಎರೆಯುವಾಗ ಅವನ ಮನಸ್ಸು ಅಲ್ಲೇ ಇತ್ತು, ಅಡುಗೆಮನೆಯಲ್ಲಿ ಇರಲಿಲ್ಲ. ದೊಡ್ಡ ಮದುವೆಯಲ್ಲಿ ಮನೆಯ ಯಜಮಾನನಿಗೆ ನೆಂಟರು ಕೊಡಬಹುದಾದ ದೊಡ್ಡ ಉಡುಗೊರೆ ಇದು.

ಉಗ್ರಾಣಕ್ಕೆ ಒಬ್ಬರು, ಬಡಿಸುವ ಪಂಕ್ತಿಗೆ ಒಬ್ಬರು, ಪುರೋಹಿತರು ಕೇಳಿದ್ದನ್ನು ಕೈಗೆ ಕೊಡಲು ಒಬ್ಬರು, ಗಂಡಿನ ಕಡೆಯವರ ಕಾಫಿ, ಬಿಸಿನೀರು ನೋಡಿಕೊಳ್ಳಲು ಒಬ್ಬರು, ಹೀಗೆ ಹೆಸರು ಹಿಡಿದು ಒಪ್ಪಿಸಬೇಕು. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದು ಬಿಟ್ಟ ಕೆಲಸವನ್ನು ಯಾರೂ ನೋಡುವುದಿಲ್ಲ. ಒಪ್ಪಿಸಿದ ಮೇಲೆ ಮತ್ತೆ ತಲೆ ಹಾಕಬಾರದು. ಇನ್ನೊಂದು ಕೆಲಸವನ್ನು ಮರೆಯದೆ ಯಾರಿಗಾದರೂ ಹಚ್ಚಬೇಕು: ಹುಡುಗಿಯ ತಾಯಿಯನ್ನು ಹೊತ್ತಿಗೆ ಸರಿಯಾಗಿ ಕೂರಿಸಿ ಊಟ ಮಾಡಿಸುವುದು. ಮದುವೆಮನೆಯಲ್ಲಿ ಹಸಿದಿರುವವರು ಸಾಮಾನ್ಯವಾಗಿ ಅವರೊಬ್ಬರೇ.

ಇಷ್ಟು ದೊಡ್ಡ ಮದುವೆ ಯಾಕೆ ಎಂಬ ಪ್ರಶ್ನೆಯನ್ನು ನಮ್ಮ ಊರಿನವರು ತಳ್ಳಿಹಾಕುವಂತಿಲ್ಲ. ಕುಪ್ಪಳ್ಳಿ ಇರುವುದು ನಮ್ಮ ತಾಲ್ಲೂಕಿನಲ್ಲೇ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಂತೆ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲೇ ಸರಳವಾಗಿ ನಡೆಯಿತು. ಸಾಲ ಮಾಡಿ ಊರಿಗೆ ಊಟ ಹಾಕುವುದಕ್ಕಿಂತ ಅದು ಎಷ್ಟೋ ಮೇಲು ಎಂದು ನಾನು ನಂಬುತ್ತೇನೆ. ಆದರೆ ಸಾವಿರ ಜನ ಸೇರುವುದೇ ತಪ್ಪು ಎನ್ನಲು ಮನಸ್ಸು ಬರುವುದಿಲ್ಲ. ಉಂಡು ಹೋಗುವುದಕ್ಕಷ್ಟೇ ಬರುವ ಸಾವಿರ ಜನ ಮನೆಗೆ ಭಾರ. ಅವರಲ್ಲಿ ಐವತ್ತು ಜನ ಹಿಂದಿನ ದಿನವೇ ಬಂದು ದುಡಿದರೆ ಆ ಭಾರ ಇಳಿಯುತ್ತದೆ. ನಾಟಿಯ ಕಾಲಕ್ಕೆ ಮುಯ್ಯಾಳಾಗಿ ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿಯುವ ಮಲೆನಾಡಿನಲ್ಲಿ ಮದುವೆಯೂ ನಡೆದದ್ದು ಆ ಲೆಕ್ಕದಲ್ಲೇ. ನಮ್ಮ ಮನೆಗೆ ಮೆಟ್ಟುಗತ್ತಿ ತಂದವರ ಮನೆಯಲ್ಲಿ ಮುಂದಿನ ಮದುವೆ, ಅಲ್ಲಿಗೆ ನಮ್ಮ ಮೆಟ್ಟುಗತ್ತಿ.

ಈಗ ಎಲ್ಲವನ್ನೂ ಕಂಟ್ರಾಕ್ಟಿಗೆ ಕೊಡಬಹುದು. ದುಡಿಯುವ ಕೈಗಳು ಊರು ಬಿಟ್ಟು ಹೋದ ಮನೆಗಳಿಗೆ ಅದು ಬೇಕೇಬೇಕು. ಹಾಗಿದ್ದರೂ ಒಂದೆರಡು ಕೆಲಸಗಳನ್ನಾದರೂ ಮನೆಯವರಿಗಾಗಿ, ನೆರೆಯವರಿಗಾಗಿ ಉಳಿಸಿಕೊಳ್ಳಿ. ಎಲೆ ಒರೆಸುವುದಾಗಲಿ, ತಾಂಬೂಲದ ಚೀಲ ತುಂಬುವುದಾಗಲಿ. ಬಂದವರಿಗೆ ಕೈಗೊಂದು ಕೆಲಸ ಸಿಕ್ಕಿದರೆ ಮದುವೆ ಅವರದೂ ಆಗುತ್ತದೆ. ಲಗ್ನಪತ್ರಿಕೆ ಕೊಡುವಾಗ ಹಿರಿಯರು "ಮುಂಚಿತವಾಗಿ ಬಂದು ನಡೆಸಿಕೊಡಬೇಕು" ಎನ್ನುತ್ತಿದ್ದರು. ವಾಟ್ಸಾಪಿನಲ್ಲಿ ಪತ್ರಿಕೆ ಕಳಿಸಿದರೂ ಒಂದು ಫೋನ್ ಮಾಡಿ ಆ ಮಾತು ಹೇಳಿ. ಹೇಳಿಸಿಕೊಂಡವರು ಹೋಗಿ.