ಏರಿದ್ದು ಇಳಿಯಲೂ ಬೇಕಲ್ಲ!



ಅಡಿಗೆಮನೆ, ಹಬ್ಬಹರಿದಿನ, ಸಂಘದ ಮಹಿಳಾ ವಿಭಾಗ ಎಂದುಕೊಂಡು ಐವತ್ತು ದಾಟಿದ ಗೃಹಿಣಿಯೊಬ್ಬಳು ರಾಕೆಟ್ಟಿನ ಬಗ್ಗೆ ಬರೆಯಲು ಹೊರಟಿದ್ದಾಳಲ್ಲ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ಕಾಲೇಜಿನಲ್ಲಿ ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ. ಭೌತಶಾಸ್ತ್ರಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ 2023ರಲ್ಲಿ ಚೆನ್ನೈನ ನಮ್ಮ ಮನೆಯ ಟೆರೇಸಿನ ಮೇಲೆ ನಡೆದದ್ದನ್ನು ನಿಮಗೆ ಹೇಳದೆ ಇರಲಾರೆ.

ಆ ವರ್ಷ ಜೂನ್ ಕೊನೆಗೆ ಅಮೆರಿಕದಿಂದ ನನ್ನ ಅಣ್ಣನ ಮಗ ಎರಡು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದ. ಹದಿನೈದು ವರ್ಷದ ಹುಡುಗ. ನಮ್ಮ ಅಮ್ಮ ನನ್ನ ಬಳಿಯೇ ಇದ್ದಾರೆ, ಎಂಬತ್ತೆರಡು ವರ್ಷ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಅವನಿಗೆ "ಊಟ ಆಯ್ತಾ ಅಜ್ಜಿ?" ಎಂಬುದರ ಮುಂದಕ್ಕೆ ಕನ್ನಡ ಬಾರದು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಆ ಪ್ರಶ್ನೆ ಕೇಳಿ ಕೋಣೆ ಸೇರುತ್ತಿದ್ದ. ಒಂದು ವಾರ ಕಳೆದ ಮೇಲೆ ಅಮ್ಮ ನನ್ನೊಡನೆ ಹೇಳಿದರು: "ಮೊಮ್ಮಗ ಬಂದ ಹಾಗಿಲ್ಲ ಕಣೇ, ಅವನ ಫೋಟೋ ಬಂದ ಹಾಗಿದೆ." ನನಗೆ ಕರುಳು ಚುರುಕ್ ಎಂದಿತು.

ಅವನು ತನ್ನ ಪೆಟ್ಟಿಗೆಯಲ್ಲಿ ಒಂದು ಮಾದರಿ ರಾಕೆಟ್ಟಿನ ಕಿಟ್ ತಂದಿದ್ದ. ನಮ್ಮಲ್ಲಿ ಇದು ಅಪರೂಪವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಕಾಗದದ ಉದ್ದ ಕೊಳವೆ, ಅದರ ತುದಿಗೆ ಪ್ಲಾಸ್ಟಿಕ್ಕಿನ ಮೂತಿ, ಬುಡದಲ್ಲಿ ಬಾಲ್ಸಾ ಎಂಬ ಹಗುರ ಮರದ ಮೂರು ರೆಕ್ಕೆಗಳು, ಒಳಗೆ ಮಡಿಸಿಟ್ಟ ಪ್ಯಾರಾಶೂಟ್. ಬುಡಕ್ಕೆ ಮದ್ದು ತುಂಬಿದ ಬೆರಳುದ್ದದ ಎಂಜಿನ್ ಸಿಕ್ಕಿಸಿ, ದೂರದಿಂದ ವಿದ್ಯುತ್ ಕೊಟ್ಟು ಹೊತ್ತಿಸುತ್ತಾರೆ. ಮೇಲೇರಿದ ಕೆಲವು ಸೆಕೆಂಡುಗಳ ನಂತರ ಅದೇ ಎಂಜಿನ್ ಒಂದು ಸಣ್ಣ ಸಿಡಿತದಿಂದ ಮೂತಿಯನ್ನು ಹೊರದೂಡಿ ಪ್ಯಾರಾಶೂಟನ್ನು ಬಿಚ್ಚುತ್ತದೆ. ಈ ಹವ್ಯಾಸಕ್ಕೆ 1954ರಲ್ಲಿ ತಳಹದಿ ಹಾಕಿದ ಆರ್ವಿಲ್ ಕಾರ್ಲೈಲ್ ಎಂಬಾತ ಅಮೆರಿಕದ ನೆಬ್ರಾಸ್ಕಾದಲ್ಲಿ ಪಾದರಕ್ಷೆಯ ಅಂಗಡಿ ಇಟ್ಟುಕೊಂಡಿದ್ದವನಂತೆ. ಇದನ್ನು ಓದಿದ ಮೇಲೆ, ಚಪ್ಪಲಿ ಅಂಗಡಿಯವನಿಗೆ ಆದದ್ದು ನನಗೇಕೆ ಆಗಬಾರದು ಎಂದು ನನಗೂ ಧೈರ್ಯ ಬಂತು.

ಮದ್ದಿನ ಎಂಜಿನ್ ವಿಮಾನದಲ್ಲಿ ತರುವಂತಿಲ್ಲ. ಆದ್ದರಿಂದ ಇಲ್ಲಿ ಹಾರಿಸುವ ಪ್ರಶ್ನೆಯೇ ಇರಲಿಲ್ಲ. ಆದರೆ ಹುಡುಗನ ತೊಂದರೆ ಹಾರಿಸುವುದರಲ್ಲಿ ಇರಲೇ ಇಲ್ಲ. ಅವನ ಹಿಂದಿನ ಎರಡು ರಾಕೆಟ್ಟುಗಳೂ ಚೆನ್ನಾಗಿಯೇ ಹಾರಿದ್ದವು. ನೆಲಕ್ಕೆ ಬಿದ್ದಾಗ ರೆಕ್ಕೆ ಮುರಿದಿದ್ದವು. "ಅತ್ತೆ, ಐ ಗಿವ್ ಅಪ್" ಎಂದ. ನಾನೆಂದೆ, "ಇಳಿಯೋದೇ ಕಷ್ಟ ಅಂದರೆ ಅದಕ್ಕೆ ಎಂಜಿನ್ ಯಾಕೋ? ನಮ್ಮ ಮೂರನೇ ಮಹಡಿಯ ಟೆರೇಸ್ ಇದೆಯಲ್ಲ!"

ಮರುದಿನವೇ ಪರೀಕ್ಷೆ. ಕಿಟ್‌ನಲ್ಲಿದ್ದ ರೆಕ್ಕೆ ಅವನಿಗೆ ಚಂದ ಕಾಣಲಿಲ್ಲ. ತಾನೇ ತಂದಿದ್ದ ಬಾಲ್ಸಾ ಹಲಗೆಯಿಂದ ಗಿಡುಗನ ರೆಕ್ಕೆಯಂತೆ ಹಿಂದಕ್ಕೆ ಬಾಗಿದ, ಕೊಳವೆಯ ಬುಡಕ್ಕಿಂತ ಕೆಳಗೆ ಚಾಚಿದ ರೆಕ್ಕೆಗಳನ್ನು ಕೊಯ್ದು ಅಂಟಿಸಿದ್ದ. ನೋಡಲು ಬಹಳ ಸೊಗಸು. ಪ್ಯಾರಾಶೂಟ್ ಬಿಚ್ಚಿಕೊಂಡು ರಾಕೆಟ್ಟು ತೂಗುತ್ತಾ ಇಳಿಯಿತು. ಬುಡ ಕೆಳಗಾಗಿ ಇಳಿಯುವುದರಿಂದ ನೆಲಕ್ಕೆ ಮೊದಲು ತಾಗಿದ್ದು ಆ ಚಂದದ ರೆಕ್ಕೆಯ ತುದಿಯೇ. ಚಟ್ ಎಂದು ಎರಡು ತುಂಡು.

ಮುರಿದ ತುಂಡು ಊಟದ ಮೇಜಿನ ಮೇಲೆ ಬಿದ್ದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ನೋಡಿದರು. ಅವರ ತವರು ಹೊಸನಗರ ತಾಲೂಕಿನ ನಗರದ ಹತ್ತಿರ. ಸೌದೆ ಸೀಳಿ ಬೆಳೆದವರು. "ಏ ಮಾರಾಯ, ಮರದ ನಾರು ಯಾವ ಕಡೆ ಓಡಿದೆ ನೋಡಿದ್ಯಾ? ನಾರಿನ ಗುಂಟ ಪೆಟ್ಟು ಬಿದ್ದರೆ ಸೀಳದೆ ಇನ್ನೇನು?" ಎಂದರು. ಹುಡುಗ ನನ್ನ ಮುಖ ನೋಡಿದ. ನಾನು ಬೇಕೆಂದೇ ಸುಮ್ಮನಿದ್ದೆ. ಅಮ್ಮ ಅಡಿಗೆಮನೆಯಿಂದ ತೆಂಗಿನ ಗರಿ ತಂದು ಉದ್ದಕ್ಕೆ ಸೀಳಿ ತೋರಿಸಿದರು, ಅಡ್ಡಕ್ಕೆ ಸೀಳಲು ಅವನ ಕೈಗೆ ಕೊಟ್ಟರು. ಆಗಲಿಲ್ಲ. "ನಾರು!" ಎಂದ ಹುಡುಗ. ಅವನು ಅಜ್ಜಿಯಿಂದ ಕಲಿತ ಮೊದಲ ಪದ ಅದು.

ಅಲ್ಲಿಂದ ಮೂವರೂ ಕೆಲಸಕ್ಕೆ ನಿಂತೆವು. ಹೊಸ ರೆಕ್ಕೆಗಳಲ್ಲಿ ನಾರು ಮುಂದಿನ ಅಂಚಿಗೆ ಸಮನಾಗಿ, ಕೊಳವೆಯಿಂದ ಹೊರಮುಖವಾಗಿ ಓಡುವಂತೆ ಕೊಯ್ದೆವು. ರೆಕ್ಕೆಯ ತುದಿ ಕೊಳವೆಯ ಬುಡಕ್ಕಿಂತ ಕೆಳಗಿಳಿಯದಂತೆ ಆಕಾರ ಬದಲಿಸಿದೆವು. ರೆಕ್ಕೆಯ ಎರಡು ಬದಿಗೂ ತೆಳು ಕಾಗದವನ್ನು ಬಿಳಿ ಅಂಟಿನಿಂದ ಹಚ್ಚಿದೆವು. ಒಂದೇ ಬದಿಗೆ ಹಚ್ಚಿದರೆ ಒಣಗುವಾಗ ಹಪ್ಪಳದಂತೆ ಸೊಟ್ಟಗಾಗುತ್ತದೆ; ಬೊಂಬೆ ಹಬ್ಬಕ್ಕೆ ರಟ್ಟಿನ ಮಂಟಪ ಮಾಡಿದವರಿಗೆಲ್ಲ ಇದು ಗೊತ್ತು. ರೆಕ್ಕೆ ಮತ್ತು ಕೊಳವೆ ಕೂಡುವ ಮೂಲೆಗೆ ಅಂಟು ಸುರಿದು, ಒದ್ದೆ ಬೆರಳಿನಿಂದ ಸವರಿ ನುಣುಪಾದ ಏಣು ಕಟ್ಟಿದೆವು. ಇದರಿಂದ ಪೆಟ್ಟು ಒಂದೇ ಗೆರೆಯ ಮೇಲೆ ಬೀಳದೆ ಹರಡಿಹೋಗುತ್ತದೆ, ನೋಡಲೂ ಚಂದ.

ಮೂತಿಯನ್ನೂ ಕೊಳವೆಯನ್ನೂ ಕಟ್ಟಿದ್ದ ರಬ್ಬರು ದಾರ ಗೇಣುದ್ದ ಮಾತ್ರ ಇತ್ತು. ಹೊರಚಿಮ್ಮಿದ ಮೂತಿ ಅದೇ ವೇಗದಲ್ಲಿ ಹಿಂದಕ್ಕೆ ಬಂದು ಕೊಳವೆಯ ಬಾಯಿಗೇ ಗುದ್ದಿ ನೆಗ್ಗಿಸುತ್ತದೆ. ನನ್ನ ಹೊಲಿಗೆ ಡಬ್ಬಿಯ ಎಲಾಸ್ಟಿಕ್ಕನ್ನು ರಾಕೆಟ್ಟಿನ ಮೂರರಷ್ಟು ಉದ್ದ ತೆಗೆದು ಕಟ್ಟಿದೆ. ಪ್ಯಾರಾಶೂಟಿನ ಮಡಿಕೆ ಅಂಟಿಕೊಳ್ಳದಿರಲು ಮುಖಕ್ಕೆ ಹಚ್ಚುವ ಪೌಡರು. 30 ಸೆಂಟಿಮೀಟರ್ ಅಗಲದ ಪ್ಯಾರಾಶೂಟಿನಲ್ಲಿ 60 ಗ್ರಾಂ ತೂಕದ ರಾಕೆಟ್ಟು ಸೆಕೆಂಡಿಗೆ ಸುಮಾರು 4 ಮೀಟರಿನಂತೆ ಇಳಿಯುತ್ತದೆ. ಅಗಲ ಎರಡರಷ್ಟಾದರೆ ವೇಗ ಅರ್ಧವಾಗುತ್ತದೆ ಎಂದು ಲೆಕ್ಕ ಹಾಕಿ ದೊಡ್ಡದನ್ನೇ ಹೊಲಿದೆವು. ಮಧ್ಯಾಹ್ನ ಚೆನ್ನೈಯ ಕಡಲ ಗಾಳಿ ಎದ್ದಿತು ನೋಡಿ, ರಾಕೆಟ್ಟು ಪಕ್ಕದ ಮನೆಯವರ ತೆಂಗಿನ ಮರ ಸೇರಿತು! ಮೆತ್ತಗೆ ಇಳಿಯಬೇಕೆಂದರೆ ದೂರ ತೇಲಿಹೋಗಲೂ ಸಿದ್ಧವಿರಬೇಕು. ಕೊನೆಗೆ ಮಧ್ಯಮ ಗಾತ್ರಕ್ಕೆ ಬಂದು, ತೂಗಾಟ ಕಡಿಮೆಯಾಗಲೆಂದು ನಡುವೆ ಒಂದು ತೂತು ಕೊಯ್ದೆವು.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ರಾಕೆಟ್ಟು ಗಟ್ಟಿಯಾದ ಮೇಲೆ ಅದನ್ನು ಅಲಂಕರಿಸುವ ಆಸೆ ನನಗೆ ಹುಟ್ಟಿತು. ಅರಿಸಿನ ಕುಂಕುಮದ ಬಣ್ಣ, ರೆಕ್ಕೆಗಳ ಮೇಲೆ ಗಂಡಭೇರುಂಡ, ಮೇಲೆ ಮೂರು ಕೋಟು ವಾರ್ನಿಷ್. ಹುಡುಗ "ಭಾರ ಆಗುತ್ತೆ ಅತ್ತೆ" ಎಂದ. ನಾನು ಕೇಳಲಿಲ್ಲ. ಅವನು ತೂಕ ಸಮವಾಗಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ರಾಕೆಟ್ಟನ್ನು ತಲೆಯ ಸುತ್ತ ಕವಣೆಯಂತೆ ಬೀಸಿದ. ಮೂತಿ ಮುಂದಾಗಿ ಸುತ್ತಬೇಕಾದದ್ದು ಬುಡ ಮುಂದಾಗಿ ಸುತ್ತಿತು. ಗಾಳಿಯ ಒತ್ತಡ ಒಟ್ಟುಗೂಡುವ ಬಿಂದುವಿಗಿಂತ ತೂಕದ ಬಿಂದು ಕನಿಷ್ಠ ಕೊಳವೆಯ ಒಂದು ದಪ್ಪದಷ್ಟಾದರೂ ಮುಂದಿರಬೇಕಂತೆ. ನನ್ನ ಗಂಡಭೇರುಂಡ ತೂಕವನ್ನೆಲ್ಲ ಹಿಂದಕ್ಕೆ ಎಳೆದಿತ್ತು. ಹಾಗೆಯೇ ಹಾರಿಸಿದ್ದರೆ ಅದು ಯಾರ ಮೇಲೆ ಬೀಳುತ್ತಿತ್ತೋ! ಉಪ್ಪುಕಾಗದ ಹಿಡಿದು ನನ್ನ ಚಿತ್ರವನ್ನು ನಾನೇ ಉಜ್ಜಿ ತೆಗೆದೆ. ಒಂದು ತೆಳು ಕೋಟು ಮಾತ್ರ ಉಳಿಸಿಕೊಂಡು, ಮೂತಿಯೊಳಗೆ ಸ್ವಲ್ಪ ಜೇಡಿಮಣ್ಣು ತುಂಬಿದೆವು. ಆಗ ದಾರದ ತುದಿಯಲ್ಲಿ ನೆಟ್ಟಗೆ ಸುತ್ತಿತು.

ಆ ರಾತ್ರಿ ಅಮ್ಮ ತಮ್ಮ ತವರಿನ ಕಥೆ ತೆಗೆದರು. 2018ರಲ್ಲಿ ನಗರದ ಬಿದನೂರಿನ ಹಳೆಯ ಬಾವಿಯೊಂದರಲ್ಲಿ ಟಿಪ್ಪುವಿನ ಕಾಲದ ಕಬ್ಬಿಣದ ರಾಕೆಟ್ಟುಗಳು ಒಂದು ಸಾವಿರಕ್ಕೂ ಹೆಚ್ಚು ಸಿಕ್ಕವು. ಆ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟಿ ಹಾರಿಸುತ್ತಿದ್ದರು. ನಮ್ಮ ರೆಕ್ಕೆಗಳ ಕೆಲಸವನ್ನು ಆ ಬಿದಿರು ಮಾಡುತ್ತಿತ್ತು. 1780ರಲ್ಲಿ ಹೈದರನ ಸೈನ್ಯ ಇಂಗ್ಲಿಷರ ಮೇಲೆ ಅಂಥ ರಾಕೆಟ್ಟು ಬಿಟ್ಟ ಪೊಲ್ಲಿಲೂರು ಎಲ್ಲಿದೆ ಗೊತ್ತೇ? ಇಲ್ಲೇ, ಕಾಂಚೀಪುರದ ಬಳಿ. ಆ ಯುದ್ಧದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿದೆ. ಹುಡುಗ ಕಣ್ಣರಳಿಸಿ, ತುಂಡು ತುಂಡು ಕನ್ನಡದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ನಾನು ಅನುವಾದ ಮಾಡುವುದನ್ನು ಅಂದೇ ನಿಲ್ಲಿಸಿದೆ.

ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಮೂವರೂ ಟೀವಿಯ ಮುಂದೆ ಕುಳಿತು ನೋಡಿದೆವು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರು ನೆಲಕ್ಕೆ ಅಪ್ಪಳಿಸಿತ್ತು. ಈ ಸಲ ನಮ್ಮ ವಿಜ್ಞಾನಿಗಳು ಅದರ ಕಾಲುಗಳನ್ನು ಗಟ್ಟಿಗೊಳಿಸಿದ್ದರು. ಸೆಕೆಂಡಿಗೆ 2 ಮೀಟರಿಗೆ ಬದಲು 3 ಮೀಟರ್ ವೇಗದಲ್ಲಿ ತಾಗಿದರೂ ತಾಳುವಂತೆ ಮಾಡಿದ್ದರು. ಇಳಿಯುವ ಜಾಗವನ್ನೂ ಅರ್ಧ ಕಿಲೋಮೀಟರಿನ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದ್ದರು. ಲ್ಯಾಂಡರು ನೆಲ ಮುಟ್ಟಿದಾಗ ಹುಡುಗ ಅಜ್ಜಿಯ ಕೈ ಹಿಡಿದು ಕೂಗಿದ: "ಅಜ್ಜಿ, ಕಾಲು ಮುರೀಲಿಲ್ಲ!"

ಅವನು ಊರಿಗೆ ಹೋದ. ಅಕ್ಟೋಬರಿನ ಒಂದು ಬೆಳಗಿನ ಜಾವ ಫೋನು ಬಂತು. ನಾನು ಎತ್ತಿದೆ. "ಅತ್ತೆ, ಅಜ್ಜೀಗೆ ಕೊಡಿ" ಎಂದ. ಅಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು, "ಏನಾಯ್ತೋ ಮಾರಾಯ, ಮುರೀತಾ?" ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ಇಲ್ಲ ಅಜ್ಜಿ. ನಾರು ಸರಿ ಇತ್ತು. ಮೂರು ಸಲ ಹಾರಿಸಿದೆ."

ಮಿತ್ರರೇ, ನಿಮಗೆ ಕನ್ನಡ ಬಾರದೆಂದು ನಾವು ಹಿರಿಯರು ಸಭೆ ಸಮಾರಂಭಗಳಲ್ಲಿ ಗೊಣಗುತ್ತೇವೆ. ನಿಮ್ಮ ಕೈಗೆ ಕೆಲಸವೊಂದನ್ನು ಕೊಟ್ಟು ಅದರೊಡನೆ ಮಾತು ಕೊಡಲು ಮರೆತವರು ನಾವೇ ಇರಬಹುದು. ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿಯೋ ಅಜ್ಜನೋ ಇದ್ದರೆ, ನೀವು ಮಾಡುತ್ತಿರುವುದನ್ನು, ಅದು ಮುರಿದಿದ್ದರೂ ಸರಿಯೇ, ಒಮ್ಮೆ ಅವರ ಮುಂದೆ ಇಡಿ. ತಿರುಗಿಸಿ ನೋಡುತ್ತಾರೆ. ಏನಾದರೂ ಹೇಳಿಯೇ ಹೇಳುತ್ತಾರೆ.